ವಾಡಿ ಜಂಕ್ಷನ್ ಮತ್ತು ದಕ್ಷಿಣ ವಲಯದ ಅಂಕಪಟ್ಟಿ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಾಲವಾರ, ಕೋರಿಸಿದ್ಧೇಶ್ವರ ಮಠದಿಂದ ಹೆಸರಾದ ಊರು. ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವೂ ಉಂಟು. ಅಲ್ಲಿಂದ ತುಸು ದೂರದಲ್ಲೇ ವಾಡಿ ಜಂಕ್ಷನ್. ಅಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ಚಿತ್ತಾಪುರ, ಸೇಡಂ ದಾಟಿ ತಾಂಡೂರು, ವಿಕಾರಾಬಾದ್ ಮೇಲಿಂದ ಸಿಕಂದರಾಬಾದಿಗೆ ಹೋಗುತ್ತದೆ. ಇನ್ನೊಂದು ನಾಲವಾರ, ಯಾದಗಿರಿ, ರಾಯಚೂರು ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಬೆಂಗಳೂರಿಗೆ ಹೋಗುವವರು ಹಿಡಿಯಬೇಕಾದದ್ದು ಈ ದಾರಿ. ಮೊದಲನೆಯದರಲ್ಲಿ ಬೆಳಿಗ್ಗೆ ಹೊರಟು ಕೆಲಸ ಮುಗಿಸಿಕೊಂಡು ರಾತ್ರಿಗೆ ಮನೆ ಸೇರಬಹುದು. ಎರಡನೆಯದಕ್ಕೆ ಇಡೀ ಒಂದು ರಾತ್ರಿಯ ಪ್ರಯಾಣ ಬೇಕು.

ಕ್ರಿಕೆಟ್ ನೋಡುವವರಿಗೂ ಇಲ್ಲಿ ಇಂಥದೇ ಕವಲು ಎದುರಾಗಿತ್ತು. ಹತ್ತಿರದ ದೊಡ್ಡ ಊರಿನ ತಂಡ ಹೈದರಾಬಾದ್. ಆಡಳಿತ, ಶಾಲೆ, ಪಠ್ಯಪುಸ್ತಕ ಎಲ್ಲವೂ ಬೆಂಗಳೂರಿನಿಂದ ಬರತೊಡಗಿದ ಮೇಲೆ ತಮ್ಮದೆನ್ನಬೇಕಾದ ತಂಡ ಮೈಸೂರು, ಮುಂದೆ ಕರ್ನಾಟಕ. ರಣಜಿ ಟ್ರೋಫಿಯಲ್ಲಿ ಈ ಎರಡೂ ತಂಡಗಳು ದಶಕಗಳ ಕಾಲ ಒಂದೇ ವಲಯದಲ್ಲಿದ್ದವು. ಚಳಿಗಾಲದ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಚ್ಚಾಗುತ್ತಿದ್ದ ದಕ್ಷಿಣ ವಲಯದ ಪುಟ್ಟ ಅಂಕಪಟ್ಟಿಯಲ್ಲಿ ಒಂದು ಮೇಲಿದ್ದರೆ ಇನ್ನೊಂದು ಕೆಳಗೆ. ಆದ್ದರಿಂದ ಯಾರ ಮುನ್ನಡೆ ನಮ್ಮ ಮುನ್ನಡೆ ಎಂಬ ಪ್ರಶ್ನೆಗೆ ವಾಡಿಯ ಸುತ್ತಲಿನ ಊರುಗಳಲ್ಲಿ ಬೇರೆಡೆ ಇಲ್ಲದ ತೂಕವಿತ್ತು. ಬೆಂಗಳೂರಿನವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಹುಟ್ಟಿದಾಗಿನಿಂದ ಅವರ ತಂಡ ಒಂದೇ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಡಿ–ಸಿಕಂದರಾಬಾದ್ ಮಾರ್ಗ 1874ರಲ್ಲಿ ತೆರೆದದ್ದು ನಿಜಾಮರ ರಾಜ್ಯವನ್ನು ಮುಂಬಯಿ–ಮದರಾಸು ಹಳಿಗೆ ಬೆಸೆಯುವ ಸಲುವಾಗಿ. ಆಗ ಗುಲ್ಬರ್ಗಾ ಎನ್ನಿಸಿಕೊಂಡಿದ್ದ ಇಡೀ ಜಿಲ್ಲೆ ಹೈದರಾಬಾದ್ ಸಂಸ್ಥಾನದ್ದು. ಆ ಸಂಸ್ಥಾನದಲ್ಲಿ ಕ್ರಿಕೆಟ್ ಬೆಳೆಸಿದವರಲ್ಲಿ ಪಾಯಗಾ ಮನೆತನದ ನವಾಬರು ಪ್ರಮುಖರು. ನವಾಬ್ ಮೊಯಿನುದ್ದೌಲಾ ಹೆಸರಿನ ಚಿನ್ನದ ಕಪ್ ಪಂದ್ಯಾವಳಿ 1930–31ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾಯಿತು. ಎಂದರೆ ರಣಜಿ ಟ್ರೋಫಿಗಿಂತ ನಾಲ್ಕು ವರ್ಷ ಮೊದಲು. ಪಾಯಗಾ ಜಾಗೀರುಗಳು ಗುಲ್ಬರ್ಗಾ ಜಿಲ್ಲೆಯಲ್ಲೂ ಹರಡಿಕೊಂಡಿದ್ದವು. ಇಲ್ಲಿನ ರೈತ ತೆತ್ತ ಕಂದಾಯದ ಒಂದು ಪಾಲು ಆ ಮನೆತನಗಳ ಬೊಕ್ಕಸ ಸೇರುತ್ತಿದ್ದ ಕಾಲ ಅದು. ಆಟಗಾರರನ್ನು ದೇಶದ ಮೂಲೆಮೂಲೆಯಿಂದ ಕರೆಸಿ ಸತ್ಕರಿಸುವ ನವಾಬಿ ಔದಾರ್ಯದ ಮೂಲ ಎಲ್ಲಿತ್ತು ಎಂದು ಕ್ರಿಕೆಟ್ ಇತಿಹಾಸಗಳು ಸಾಮಾನ್ಯವಾಗಿ ಕೇಳುವುದಿಲ್ಲ.

1937–38ರಲ್ಲಿ ಹೈದರಾಬಾದ್ ರಣಜಿ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಹಿಂದಿನ ವರ್ಷದ ವಿಜೇತ ನವಾನಗರವನ್ನು ಅದು ಸೋಲಿಸಿದ್ದು ಒಂದೇ ಒಂದು ವಿಕೆಟ್‌ನಿಂದ. ಎದುಲ್ಜಿ ಐಬಾರಾ 137 ರನ್ ಹೊಡೆದು ಕೊನೆಯವರೆಗೂ ಔಟಾಗದೆ ನಿಂತರು. ಅತ್ತ ಮೈಸೂರು ತಂಡದ ಆರಂಭ ಹೇಳಿಕೊಳ್ಳುವಂತಿರಲಿಲ್ಲ. ರಣಜಿ ಇತಿಹಾಸದ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದರಾಸು ಮತ್ತು ಮೈಸೂರು ನಡುವೆ ಆರಂಭವಾಗಿ ಅದೇ ದಿನ ಮುಗಿದುಹೋಯಿತು. ಮೈಸೂರು 48 ಮತ್ತು 59 ರನ್‌ಗಳಿಗೆ ಎರಡು ಬಾರಿ ಔಟಾಗಿ ಇನಿಂಗ್ಸ್ ಸೋಲುಂಡಿತು. 1941–42ರಲ್ಲಿ ಹೇಗೋ ಫೈನಲ್ ತಲುಪಿದಾಗಲೂ ಬೊಂಬಾಯಿಯಿಂದ ಇನಿಂಗ್ಸ್ ಮತ್ತು 281 ರನ್‌ಗಳ ಹೊಡೆತ ತಿಂದಿತು. ಆ ಕಾಲದ ನಾಲವಾರದ, ಸೇಡಂನ ಕ್ರಿಕೆಟ್‌ಪ್ರಿಯರಿಗೆ ಮೈಸೂರು ಎಂದರೆ ಪರರಾಜ್ಯ. ಅದರ ಸೋಲು-ಗೆಲುವಿಗೆ ಇವರು ಮರುಗಬೇಕಾದ ಕಾರಣವೇ ಇರಲಿಲ್ಲ. ಹಾಗೆ ನೋಡಿದರೆ ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು; ಮಂಗಳೂರು, ಬಳ್ಳಾರಿ ಮದರಾಸಿನಲ್ಲಿದ್ದವು. ಕನ್ನಡಿಗರೆಲ್ಲರ ತಂಡ ಎನ್ನುವಂಥದು ಆಗ ಇರಲೇ ಇಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ಹೈದರಾಬಾದ್ ರಾಜ್ಯ ಮಾತ್ರ ಮತ್ತೆ ಎಂಟು ವರ್ಷ ಉಳಿಯಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ್ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ಕಡತಗಳು ಒಂದೂರಿನಿಂದ ಇನ್ನೊಂದೂರಿಗೆ ಹೋದವು, ನೌಕರರು ಹಂಚಿಹೋದರು, ಕಚೇರಿಯ ಉರ್ದು ಮರೆಗೆ ಸರಿಯಿತು. ಆದರೆ ಕ್ರಿಕೆಟ್ ಸಂಸ್ಥೆಗಳ ಗಡಿ ರಾಜ್ಯಗಳ ಗಡಿಯ ಜತೆಗೇ ಬದಲಾಗಬೇಕೆಂಬ ನಿಯಮವೇನೂ ಇಲ್ಲ. ಆಂಧ್ರಪ್ರದೇಶ ಒಂದೇ ರಾಜ್ಯವಾದ ಮೇಲೂ ಹೈದರಾಬಾದ್ ಮತ್ತು ಆಂಧ್ರ ಬೇರೆ ಬೇರೆ ತಂಡಗಳಾಗಿಯೇ ಆಡಿದವು. ತೆಲಂಗಾಣ 2014ರಲ್ಲಿ ರೂಪುಗೊಂಡ ನಂತರವೂ ಅಲ್ಲಿನ ತಂಡದ ಹೆಸರು ಹೈದರಾಬಾದೇ. ಗುಜರಾತಿನಲ್ಲಿ ಬರೋಡಾ, ಸೌರಾಷ್ಟ್ರ, ಗುಜರಾತ್ ಎಂದು ಮೂರು ತಂಡಗಳು, ಮಹಾರಾಷ್ಟ್ರದಲ್ಲೂ ಮೂರು. ಕರ್ನಾಟಕದಲ್ಲಿ ಹೀಗಾಗಲಿಲ್ಲ. ಹಳೆಯ ಐದು ಆಳ್ವಿಕೆಗಳ ತುಂಡುಗಳೆಲ್ಲ ಸೇರಿ ಒಂದೇ ತಂಡಕ್ಕೆ ಬಂದವು. ಈ ಜಿಲ್ಲೆಗಳು ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯ ಎನಿಸಿದವು.

ಇಲ್ಲಿ ಕಾಲದ ಒಂದು ಹೊಂದಾಣಿಕೆ ಗಮನಿಸಬೇಕಾದದ್ದು. 1956–57ರ ತನಕ ರಣಜಿ ಟ್ರೋಫಿ ಪೂರ್ತಿಯಾಗಿ ನಾಕೌಟ್ ಪದ್ಧತಿಯಲ್ಲಿ ನಡೆಯುತ್ತಿತ್ತು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಅಂಕವೂ ಇಲ್ಲ, ಪಟ್ಟಿಯೂ ಇಲ್ಲ. 1957–58ರಿಂದ ಪ್ರತಿ ವಲಯದ ಒಳಗೆ ಲೀಗ್ ಪದ್ಧತಿ ಬಂತು. ದಕ್ಷಿಣ ವಲಯದಲ್ಲಿ ಮದರಾಸು, ಮೈಸೂರು, ಹೈದರಾಬಾದ್, ಆಂಧ್ರ, ಕೇರಳ ಪರಸ್ಪರ ಆಡಿ ಅಂಕ ಗಳಿಸತೊಡಗಿದವು. ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯ ಸೇರಿ ಆಗಿನ್ನೂ ಒಂದು ವರ್ಷ. ಹೀಗಾಗಿ ಈ ಭಾಗದ ಜನ ಜೀವನದಲ್ಲಿ ಮೊದಲ ಬಾರಿ ದಕ್ಷಿಣ ವಲಯದ ಅಂಕಪಟ್ಟಿ ಕಂಡಾಗ ಅವರ ತಂಡ ಬದಲಾಗಿತ್ತು. ಒಂದು ವರ್ಷದ ಹಿಂದೆ ತಮ್ಮದಾಗಿದ್ದ ತಂಡ ಅದೇ ಪಟ್ಟಿಯಲ್ಲಿ ಪ್ರತಿಸ್ಪರ್ಧಿಯಾಗಿ ನಿಂತಿತ್ತು.

ಅಂಕಪಟ್ಟಿ ಎಂಬುದು ಮೇಲ್ನೋಟಕ್ಕೆ ನಾಲ್ಕು ಸಾಲು, ಐದಾರು ಕಂಬಗಳ ಒಣ ಲೆಕ್ಕ. ಅದು ಅಭಿಮಾನಿಯ ಮೇಲೆ ಮಾಡುವ ಕೆಲಸವೇ ಬೇರೆ. ನಾಕೌಟ್‌ನಲ್ಲಿ ಅಭಿಮಾನಿ ತನ್ನ ತಂಡದ ಪಂದ್ಯವೊಂದನ್ನೇ ನೋಡಿದರೆ ಸಾಕು. ಲೀಗ್ ಬಂದ ಕೂಡಲೇ ಊರವರ ಪಂದ್ಯಗಳೆಲ್ಲ ತನ್ನ ಪಂದ್ಯಗಳಾಗುತ್ತವೆ. ಕೇರಳ ಮತ್ತು ಆಂಧ್ರ ಆಡುವಾಗ ಗುಲ್ಬರ್ಗಾದವನಿಗೇನು? ಮೈಸೂರು ಮುನ್ನಡೆ ಉಳಿಸಿಕೊಳ್ಳಬೇಕಾದರೆ ಯಾರು ಯಾರನ್ನು ಸೋಲಿಸಬೇಕು ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ತನ್ನ ತಂಡ ಆಡದ ದಿನವೂ ಅವನಿಗೆ ನೆಮ್ಮದಿಯಿಲ್ಲ.

ಈ ಗೀಳು ಕ್ರಿಕೆಟಿಗೊಂದಕ್ಕೇ ಸೇರಿದ್ದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ಇನ್ನೂ ಹಿಗ್ಗಿದ ರೂಪದಲ್ಲಿದೆ. ಅಲ್ಲಿನ ಎರಡು ಪ್ರಮುಖ ಲೀಗ್‌ಗಳನ್ನು 1969ರಲ್ಲಿ ಪೂರ್ವ, ಪಶ್ಚಿಮ ಎಂಬ ವಿಭಾಗಗಳಾಗಿ ಒಡೆದರು. ನಮ್ಮ ರಣಜಿ ವಲಯಗಳಂತೆಯೇ ಅನ್ನಬಹುದು. ಪ್ರತಿ ತಂಡ ವಸಂತದಿಂದ ಶರತ್ಕಾಲದವರೆಗೆ 162 ಪಂದ್ಯ ಆಡಬೇಕು. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ. ಬೆಳಗಿನ ಪತ್ರಿಕೆಯಲ್ಲಿ ಅಲ್ಲಿಯ ಅಭಿಮಾನಿ ಮೊದಲು ನೋಡುವುದು ತನ್ನ ತಂಡ ವಿಭಾಗದ ಅಗ್ರಸ್ಥಾನಕ್ಕಿಂತ ಎಷ್ಟು ಪಂದ್ಯ ಹಿಂದಿದೆ ಎಂಬುದನ್ನು. ಆ ಅಂತರದಲ್ಲಿ ಅರ್ಧ ಪಂದ್ಯವೂ ಬರುತ್ತದೆ ಎಂಬುದು ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಲೆಕ್ಕ ಸರಳ: ಎರಡು ತಂಡಗಳ ಗೆಲುವುಗಳ ಅಂತರ, ಸೋಲುಗಳ ಅಂತರ ಎರಡನ್ನೂ ಕೂಡಿಸಿ ಅರ್ಧ ಮಾಡಬೇಕು. ಒಂದು ತಂಡ 50 ಗೆದ್ದು 30 ಸೋತಿದೆ, ಇನ್ನೊಂದು 47 ಗೆದ್ದು 32 ಸೋತಿದೆ ಎಂದುಕೊಳ್ಳಿ. ಮೂರು ಮತ್ತು ಎರಡು ಸೇರಿ ಐದು, ಅದರ ಅರ್ಧ ಎರಡೂವರೆ ಪಂದ್ಯ. 1978ರ ಜುಲೈನಲ್ಲಿ ಬಾಸ್ಟನ್ ತಂಡಕ್ಕಿಂತ 14 ಪಂದ್ಯ ಹಿಂದಿದ್ದ ನ್ಯೂಯಾರ್ಕ್ ಯಾಂಕೀಸ್ ಅಕ್ಟೋಬರ್ ಹೊತ್ತಿಗೆ ಸಮಸಮನಾಗಿ, ಅಗ್ರಸ್ಥಾನ ನಿರ್ಧರಿಸಲೆಂದೇ ಆಡಿಸಿದ ಹೆಚ್ಚುವರಿ ಪಂದ್ಯವನ್ನೂ ಗೆದ್ದಿತು. ಹದಿನಾಲ್ಕು ಪಂದ್ಯಗಳ ಮುನ್ನಡೆ ಒಂದೊಂದಾಗಿ ಕರಗುವುದನ್ನು ಬಾಸ್ಟನ್ನಿನ ಜನ ದಿನವೂ ಪತ್ರಿಕೆಯಲ್ಲಿ ನೋಡಬೇಕಾಯಿತು.

ರಣಜಿಯ ದಕ್ಷಿಣ ವಲಯದಲ್ಲಿ ಇಂಥ ದೀರ್ಘ ಯಾತನೆಗೆ ಅವಕಾಶವೇ ಇರಲಿಲ್ಲ. ಐದು ತಂಡಗಳು, ಒಂದೊಂದಕ್ಕೆ ನಾಲ್ಕೇ ಪಂದ್ಯ. 1985–86ರಲ್ಲಿ ಗೋವಾ ಸೇರಿದ ಮೇಲೆ ಐದು. ಒಂದು ಪಂದ್ಯ ಕೈತಪ್ಪಿದರೆ ಇಡೀ ಋತು ಕೈತಪ್ಪಿದಂತೆ. ಅದರ ಮೇಲೆ 1969–70ರವರೆಗೂ ವಲಯದಿಂದ ಮುಂದಿನ ಹಂತಕ್ಕೆ ಹೋಗುತ್ತಿದ್ದದ್ದು ಅಗ್ರಸ್ಥಾನ ಪಡೆದ ಒಂದೇ ತಂಡ. ಎರಡನೆಯ ಸ್ಥಾನಕ್ಕೂ ಕೊನೆಯ ಸ್ಥಾನಕ್ಕೂ ವ್ಯತ್ಯಾಸವಿಲ್ಲ.

ಜತೆಗೆ ಕ್ರಿಕೆಟ್‌ಗೇ ವಿಶಿಷ್ಟವಾದ ಇನ್ನೊಂದು ಮುನ್ನಡೆ ಇತ್ತು. ಲೀಗ್ ಪಂದ್ಯಗಳು ಮೊದಲು ಮೂರು ದಿನ, ಮುಂದೆ ನಾಲ್ಕು ದಿನ ನಡೆಯುತ್ತಿದ್ದವು. ಅಷ್ಟರಲ್ಲಿ ಎರಡೂ ತಂಡಗಳು ಎರಡೆರಡು ಬಾರಿ ಆಡಿ ಮುಗಿಸುವುದು ಅಪರೂಪ. ಹೀಗಾಗಿ ಬಹುಪಾಲು ಪಂದ್ಯಗಳು ಡ್ರಾ ಆಗುತ್ತಿದ್ದವು. ಡ್ರಾ ಆದರೂ ಮೊದಲ ಇನಿಂಗ್ಸ್‌ನಲ್ಲಿ ಎದುರಾಳಿಗಿಂತ ಒಂದೇ ಒಂದು ರನ್ ಹೆಚ್ಚಿಗೆ ಮಾಡಿದವರಿಗೆ ಹೆಚ್ಚು ಅಂಕ. ಅಂಕಗಳ ಪ್ರಮಾಣ ಕಾಲಕಾಲಕ್ಕೆ ಬದಲಾಗಿದೆ. 2012–13ರಿಂದ ನಡೆದುಬಂದ ಲೆಕ್ಕದಂತೆ ಗೆಲುವಿಗೆ 6, ಇನಿಂಗ್ಸ್ ಗೆಲುವು ಅಥವಾ ಹತ್ತು ವಿಕೆಟ್ ಗೆಲುವಾದರೆ 7. ಡ್ರಾ ಆದಲ್ಲಿ ಮುನ್ನಡೆ ಪಡೆದವರಿಗೆ 3, ಹಿಂದೆ ಬಿದ್ದವರಿಗೆ 1. ಎರಡು ತಂಡಗಳ ಅಂಕ ಸಮನಾಗಿ ಬೇರೆ ಮಾನದಂಡಗಳೂ ತೀರ್ಮಾನ ಕೊಡದಿದ್ದರೆ ವಿಕೆಟ್ಟಿಗೆ ಗಳಿಸಿದ ಸರಾಸರಿ ರನ್ನನ್ನು ವಿಕೆಟ್ಟಿಗೆ ಬಿಟ್ಟುಕೊಟ್ಟ ಸರಾಸರಿ ರನ್ನಿನಿಂದ ಭಾಗಿಸುವ ಲೆಕ್ಕ. ಮುನ್ನಡೆ ಎಂಬ ಒಂದೇ ಮಾತು ಪಂದ್ಯದ ಒಳಗೂ ನಡೆಯಿತು, ಪಟ್ಟಿಯಲ್ಲೂ ನಡೆಯಿತು. ಪಂದ್ಯದ ಮುನ್ನಡೆಗಳನ್ನು ಕೂಡಿಸುತ್ತ ಹೋದರೆ ವಲಯದ ಮುನ್ನಡೆ ಸಿಗುತ್ತಿತ್ತು. ಇದರಿಂದ ನೀರಸ ಆಟಕ್ಕೆ ಆಸ್ಪದವಾಯಿತು ಎಂಬ ಟೀಕೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ಮುನ್ನಡೆ ಸಿಕ್ಕ ತಂಡ ಉಳಿದ ದಿನಗಳನ್ನು ಕಾಲಹರಣದಲ್ಲಿ ಕಳೆದ ಉದಾಹರಣೆಗಳು ಬೇಕಾದಷ್ಟಿವೆ.

ಈ ಲೆಕ್ಕಗಳೆಲ್ಲ ನಾಲವಾರದಂಥ ಊರಿಗೆ ತಲುಪುತ್ತಿದ್ದದ್ದು ತಡವಾಗಿ. ಬೆಂಗಳೂರಿನ ಕನ್ನಡ ಪತ್ರಿಕೆಗಳು ದೂರದ ಜಿಲ್ಲೆಗಳಿಗೆ ಹೋಗುವ ಪ್ರತಿಗಳನ್ನು ಮೊದಲೇ ಅಚ್ಚುಮಾಡಬೇಕು. ಅವು ರೈಲು, ಬಸ್ಸು ಹಿಡಿದು ಬರಬೇಕು. ಆ ಪ್ರತಿಯಲ್ಲಿ ಆಟ ಅರ್ಧಕ್ಕೇ ನಿಂತಿರುತ್ತಿತ್ತು. ಉರ್ದು ಓದುವವರಿಗೆ 1949ರಲ್ಲಿ ಆರಂಭವಾದ ‘ಸಿಯಾಸತ್’ನಂಥ ಹೈದರಾಬಾದಿನ ಪತ್ರಿಕೆಗಳು ಹತ್ತಿರದವು. ಸುದ್ದಿಯ ಹಾದಿಯೂ ವಾಡಿಯಲ್ಲಿ ಕವಲೊಡೆದಿತ್ತು ಎಂದಾಯಿತು. ಹೈದರಾಬಾದಿನ ಪತ್ರಿಕೆಗೆ ಜೈಸಿಂಹ ನಾಯಕ, ಬೆಂಗಳೂರಿನ ಪತ್ರಿಕೆಗೆ ಪ್ರಸನ್ನ ನಾಯಕ. 1966ರಲ್ಲಿ ಗುಲ್ಬರ್ಗಾದಲ್ಲೇ ಆಕಾಶವಾಣಿ ಕೇಂದ್ರ ಬಂದದ್ದು ಈ ಭಾಗದ ಕನ್ನಡದ ಮಟ್ಟಿಗೆ ದೊಡ್ಡ ಘಟನೆ. ಶಹಾಬಾದ್ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ದೇಶದ ನಾನಾ ಕಡೆಯಿಂದ ನೌಕರರು ಬಂದು ನೆಲೆಸಿದ್ದರಿಂದ ಅಂಥ ಕಡೆ ಒಂದೇ ಪಟ್ಟಿಯನ್ನು ಮೂರ್ನಾಲ್ಕು ಕಣ್ಣುಗಳಿಂದ ಓದುವವರೂ ಇದ್ದರು.

ಹೈದರಾಬಾದ್ ತಂಡದ ಆಕರ್ಷಣೆಯನ್ನು ಅಲ್ಲಗಳೆಯುವಂತಿಲ್ಲ. ಅರವತ್ತರ ದಶಕದಲ್ಲಿ ಅಲ್ಲಿ ಎಂ.ಎಲ್. ಜೈಸಿಂಹ, ಅಬ್ಬಾಸ್ ಅಲಿ ಬೇಗ್, ಅಬಿದ್ ಅಲಿ ಇದ್ದರು. ಭಾರತ ತಂಡದ ನಾಯಕ ಪಟೌಡಿ ದೆಹಲಿ ಬಿಟ್ಟು ಬಂದು ಜೈಸಿಂಹರ ನಾಯಕತ್ವದಲ್ಲಿ ಆಡಿದರು. ಕಾಲರ್ ಎತ್ತಿಕೊಂಡು ನಡೆಯುವ ಜೈಸಿಂಹರ ಠೀವಿಗೆ ಮಾರುಹೋದವರು ಗಡಿಯ ಈಚೆಗೂ ಇದ್ದರೆ ಆಶ್ಚರ್ಯವಿಲ್ಲ. ಆದರೆ ಠೀವಿಯಿಂದ ಟ್ರೋಫಿ ಬರಲಿಲ್ಲ. 1964–65ರಲ್ಲಿ ವಲಯ ದಾಟಿ ಫೈನಲ್‌ಗೆ ಹೋದ ಹೈದರಾಬಾದ್ ಬೊಂಬಾಯಿಗೆ ಸೋತಿತು. ಅದಕ್ಕೂ ಮೊದಲು 1959–60ರಲ್ಲಿ ಮೈಸೂರಿಗೂ ಅದೇ ಗತಿಯಾಗಿತ್ತು. 1958–59ರಿಂದ 1972–73ರ ತನಕ ಸತತ ಹದಿನೈದು ವರ್ಷ ಬೊಂಬಾಯಿ ಕಪ್ಪನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ದಕ್ಷಿಣ ವಲಯದಲ್ಲಿ ಯಾರು ಮುಂದಿದ್ದರೂ ಮುಂದೆ ಆ ಗೋಡೆ ಕಾದಿತ್ತು.

1973ರಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆ ವರ್ಷದ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಹಳೆಯ ಮೈಸೂರಿನ ಕೆಲವರಿಗೆ ಇದು ಕಳೆದುಕೊಂಡ ಹೆಸರು. ಗುಲ್ಬರ್ಗಾ, ಬೀದರ್, ರಾಯಚೂರಿನವರಿಗೆ ಇದು ಪಡೆದುಕೊಂಡ ಹೆಸರು. ಹದಿನೇಳು ವರ್ಷ ಅವರು ಮೈಸೂರಿನ ತಂಡವನ್ನು ತಮ್ಮದೆಂದುಕೊಳ್ಳಬೇಕಿತ್ತು. ಮೈಸೂರು ಎಂಬ ಹೆಸರಿನಲ್ಲಿ ಅವರ ಊರಾಗಲಿ ಇತಿಹಾಸವಾಗಲಿ ಇರಲಿಲ್ಲ. ಅಲ್ಲಿನ ಅರಮನೆ, ದಸರೆ ಯಾವುದೂ ಅವರದಲ್ಲ. 1973–74ರ ಅಂಕಪಟ್ಟಿಯಲ್ಲಿ ಮೈಸೂರು ಇದ್ದ ಜಾಗದಲ್ಲಿ ‘ಕರ್ನಾಟಕ’ ಎಂಬ ನಾಲ್ಕಕ್ಷರ ಕಾಣಿಸಿತು. ಸರ್ಕಾರಿ ಗೆಜೆಟ್ಟನ್ನು ಓದುವವರು ಎಷ್ಟು ಜನ? ಕ್ರೀಡಾಪುಟ ಓದುವವರು ಅದಕ್ಕಿಂತ ಬಹಳ ಹೆಚ್ಚು.

ಹೊಸ ಹೆಸರು ಹೊತ್ತ ಮೊದಲ ಋತುವಿನಲ್ಲೇ ಆ ತಂಡ ಬೊಂಬಾಯಿಯ ಗೋಡೆ ಒಡೆದದ್ದು ಕಾಕತಾಳೀಯ ಇರಬಹುದು, ಆದರೆ ಎಂಥ ಕಾಕತಾಳೀಯ! 1970–71ರಿಂದ ಪ್ರತಿ ವಲಯದ ಮೊದಲ ಎರಡು ತಂಡಗಳಿಗೆ ಅವಕಾಶ ಸಿಗುತ್ತಿತ್ತು. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಎರ್ರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲು ಆಡಿ 385 ರನ್ ಗಳಿಸಿತು. ಭದ್ರಾವತಿಯ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಉತ್ತರ ಕೊಡಲು ಹೊರಟ ಬೊಂಬಾಯಿಯ ಸುನಿಲ್ ಗಾವಸ್ಕರ್‌ರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ನಾಯಕ ಅಜಿತ್ ವಾಡೇಕರ್ ಓಡುವಾಗ ಕಾಲುಜಾರಿ ರನೌಟ್ ಆದರು. ಬೊಂಬಾಯಿ 307ಕ್ಕೆ ಮುಗಿಯಿತು. ಪಂದ್ಯ ಡ್ರಾ ಆಯಿತು. 78 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕವನ್ನು ಫೈನಲ್‌ಗೆ ಕಳಿಸಿತು. ಹದಿನೈದು ವರ್ಷದ ಸಾಮ್ರಾಜ್ಯ ಮುಗಿದದ್ದು ಗೆಲುವಿನಿಂದಲ್ಲ, ಮುನ್ನಡೆಯಿಂದ. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿದ್ದು ಉಳಿದ ಶಾಸ್ತ್ರ ಎನ್ನಬಹುದು.

ಅಲ್ಲಿಂದ ಹತ್ತು ವರ್ಷ ಕರ್ನಾಟಕದ ಅಭಿಮಾನಿಗಳಿಗೆ ಸುಗ್ಗಿಯ ಕಾಲ. 1977–78ರಲ್ಲಿ ಉತ್ತರಪ್ರದೇಶದ ವಿರುದ್ಧ, 1982–83ರಲ್ಲಿ ಬೊಂಬಾಯಿಯಲ್ಲೇ ಬೊಂಬಾಯಿ ವಿರುದ್ಧ ಮತ್ತೆ ಮುನ್ನಡೆಯ ಬಲದಿಂದ ಕಪ್ ಬಂತು. ನಡುವೆ 1981–82ರ ದೆಹಲಿ ಫೈನಲ್ ಮಾತ್ರ ಇಂದಿಗೂ ನೋವು ತರುವಂಥದು. ಕರ್ನಾಟಕ 705 ರನ್ ಪೇರಿಸಿತು. ಇಷ್ಟು ರನ್ ಮಾಡಿದ ಮೇಲೆ ಸೋಲುವುದು ಸಾಧ್ಯವೇ? ದೆಹಲಿ 589ಕ್ಕೆ 8 ವಿಕೆಟ್ ಕಳೆದುಕೊಂಡಾಗ ಸಾಧ್ಯವಿಲ್ಲ ಎಂದೇ ಎಲ್ಲರೂ ಎಣಿಸಿದ್ದರು. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಮುರಿಯದ ಜತೆಯಾಟದಲ್ಲಿ 118 ರನ್ ಸೇರಿಸಿ ಮೊತ್ತವನ್ನು 707ಕ್ಕೆ ಒಯ್ದರು. ಎರಡೇ ರನ್‌ಗಳ ಮುನ್ನಡೆ, ಕಪ್ ದೆಹಲಿಗೆ. ಮುನ್ನಡೆ ಕೊಟ್ಟದ್ದನ್ನು ಮುನ್ನಡೆಯೇ ಕಿತ್ತುಕೊಂಡಿತು.

ಹೈದರಾಬಾದ್ ತನ್ನ ಎರಡನೆಯ ಕಪ್ಪಿಗೆ ಅರ್ಧ ಶತಮಾನ ಕಾಯಬೇಕಾಯಿತು. 1986–87ರಲ್ಲಿ ಎಂ.ವಿ. ನರಸಿಂಹರಾವ್ ನಾಯಕತ್ವದಲ್ಲಿ ದೆಹಲಿಯನ್ನು ಅದು ದೆಹಲಿಯಲ್ಲೇ ಮೊದಲ ಇನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿತು. ಗುಲ್ಬರ್ಗಾ ಜಿಲ್ಲೆ ಹೈದರಾಬಾದಿನಿಂದ ಬಿಡಿಸಿಕೊಂಡು ಆಗ ಮೂವತ್ತು ವರ್ಷ. ಹೈದರಾಬಾದ್ ರಾಜ್ಯವನ್ನು ಕಣ್ಣಾರೆ ಕಂಡವರಿಗೆ ನಡುಹರೆಯ ದಾಟಿತ್ತು. ಅವರ ಮಕ್ಕಳು ವಿಶ್ವನಾಥರ ಸ್ಕ್ವೇರ್ ಕಟ್ ಬಗ್ಗೆ ಕೇಳಿ ಬೆಳೆದವರು. ನಿಷ್ಠೆ ಬದಲಾಗಲು ಒಂದು ತಲೆಮಾರು ಹಿಡಿಯುತ್ತದೆ. ಅದರ ಕೆಲಸವನ್ನು ಶಾಲೆ, ಸಿನಿಮಾ, ರೇಡಿಯೋ ಮಾಡಿದಷ್ಟೇ ಈ ಪುಟ್ಟ ಪಟ್ಟಿಯೂ ಮಾಡಿತು ಎಂದರೆ ಅತಿಶಯೋಕ್ತಿಯಾಗಲಾರದು. ಪ್ರತಿ ಚಳಿಗಾಲ ಅದು ಎರಡು ಹೆಸರುಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿ ಎನ್ನುತ್ತಿತ್ತು.

ಆದರೆ ನಿಷ್ಠೆ ಒಮ್ಮುಖವಾಗಿಯೇ ಹರಿಯಿತೆ? ಈ ಮಾತನ್ನೂ ಆಡಬೇಕು. 1995–96ರ ಚಾಂಪಿಯನ್ ತಂಡದಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದ ಸುನಿಲ್ ಜೋಶಿ ಗದುಗಿನವರು. ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರಿನ ಹುಡುಗ ಕರ್ನಾಟಕದ ತಂಡದ ಆಧಾರಸ್ತಂಭವಾದದ್ದು ಆ ಕಡೆಯವರಿಗೆ ಹೆಮ್ಮೆ. ಹೈದರಾಬಾದ್ ಕರ್ನಾಟಕಕ್ಕೆ ಹಾಗೆ ಹೇಳಿಕೊಳ್ಳಲು ರಾಯಚೂರಿನ ಯರೇಗೌಡ ಇದ್ದರು. ಅವರು ಕರ್ನಾಟಕಕ್ಕೂ ಆಡಿದರು, ದೀರ್ಘ ಕಾಲ ರೈಲ್ವೇಸ್‌ಗೂ ಆಡಿದರು. ಆದರೆ ಅಂಥವರು ವಿರಳ. ಬೆಂಗಳೂರಿನ ಆಚೆ ಕರ್ನಾಟಕದ ರಣಜಿ ಪಂದ್ಯಗಳು ನಡೆದ ಊರುಗಳೆಂದರೆ ಥಟ್ಟನೆ ನೆನಪಾಗುವುದು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿ. ಈಶಾನ್ಯದ ಜಿಲ್ಲೆಗಳು ತಂಡಕ್ಕೆ ಕೊಟ್ಟದ್ದು ಮುಖ್ಯವಾಗಿ ಅಭಿಮಾನವನ್ನು. ನೀರಾವರಿ, ನೌಕರಿ, ಶಿಕ್ಷಣದಲ್ಲಿ ಈ ಭಾಗ ಎತ್ತಿದ ಅಸಮತೋಲದ ದೂರಿಗೆ 371 (ಜೆ) ವಿಧಿಯ ಮೂಲಕ ಸಂವಿಧಾನದಲ್ಲೇ ಉತ್ತರ ಹುಡುಕಬೇಕಾಯಿತು. ಕ್ರೀಡಾಂಗಣದ ದೂರಿಗೆ ಅಂಥ ವಿಧಿಯಿಲ್ಲ.

ತೊಂಬತ್ತರ ದಶಕದಲ್ಲಿ ಕರ್ನಾಟಕ ಮೂರು ಬಾರಿ ಗೆದ್ದಿತು. ಅದರಲ್ಲಿ 1998–99ರ ಫೈನಲ್ ಮುನ್ನಡೆಯ ಇಡೀ ತರ್ಕವನ್ನೇ ತಲೆಕೆಳಗು ಮಾಡಿದ ಪಂದ್ಯ. ಬೆಂಗಳೂರಿನಲ್ಲಿ ಮಧ್ಯಪ್ರದೇಶ 75 ರನ್ ಮುನ್ನಡೆ ಪಡೆದಿತ್ತು. ಕೊನೆಯ ದಿನ ಸುಮ್ಮನೆ ನಿಂತು ಡ್ರಾ ಮಾಡಿಕೊಂಡಿದ್ದರೆ ಕಪ್ ಅದರದೇ. ಆದರೆ 247ರ ಗುರಿ ಎದುರಿಸುತ್ತ ಅದು 150ಕ್ಕೆ ಕುಸಿಯಿತು. ವಿಜಯ್ ಭಾರದ್ವಾಜ್ 24 ರನ್ನಿಗೆ 6 ವಿಕೆಟ್ ಕಿತ್ತರು. ಇದೇ ದಶಕದಲ್ಲಿ ವಲಯದ ಪಟ್ಟಿ ಸಡಿಲಗೊಂಡಿತು. 1992–93ರಿಂದ ಪ್ರತಿ ವಲಯದ ಮೂರು ತಂಡಗಳಿಗೆ ಮುಂದಿನ ಹಂತದ ಬಾಗಿಲು ತೆರೆಯಿತು. ದಕ್ಷಿಣದ ಆರರಲ್ಲಿ ಮೂರು ಮುಂದೆ ಹೋಗುವುದಾದರೆ ಅಗ್ರಸ್ಥಾನಕ್ಕೆ ಮೊದಲಿನ ಬೆಲೆ ಎಲ್ಲಿಂದ ಬರಬೇಕು?

ಕೊನೆಗೆ 2002–03ರಲ್ಲಿ ವಲಯಗಳನ್ನೇ ಕೈಬಿಟ್ಟು ಎಲೀಟ್, ಪ್ಲೇಟ್ ಎಂಬ ಎರಡು ದರ್ಜೆ ಮಾಡಲಾಯಿತು. ದುರ್ಬಲ ತಂಡಗಳನ್ನು ಬಲಿಕೊಟ್ಟು ಅಂಕ ಕೊಳ್ಳುವ ಪದ್ಧತಿ ನಿಲ್ಲಬೇಕು, ಆಟದ ಗುಣಮಟ್ಟ ಏರಬೇಕು ಎಂಬ ಉದ್ದೇಶ ಒಳ್ಳೆಯದೇ. ಅದಕ್ಕೆ ತೆತ್ತ ಬೆಲೆ ನೆರೆಹೊರೆ. 2024–25ರಲ್ಲಿ ಕರ್ನಾಟಕ ಇದ್ದ ಗುಂಪಿನಲ್ಲಿ ಕೇರಳವೇನೋ ಇತ್ತು. ಉಳಿದವು ಬಂಗಾಳ, ಹರಿಯಾಣ, ಪಂಜಾಬ್, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರ. ಇತ್ತ ಹೈದರಾಬಾದ್ 2023–24ರಲ್ಲಿ ಕೆಳದರ್ಜೆಯ ಪ್ಲೇಟ್ ಗುಂಪಿಗೆ ಜಾರಿ, ಅಲ್ಲಿ ಗೆದ್ದು ಮೇಲಕ್ಕೆ ಬರಬೇಕಾಯಿತು. ಸೇಡಂನವನು ಬಿಹಾರದ ಪಂದ್ಯದ ಫಲಿತಾಂಶಕ್ಕೆ ಕಾಯಬಲ್ಲ. ತಾಂಡೂರಿನ ನೆಂಟರೊಂದಿಗೆ ಅದರ ಬಗ್ಗೆ ಜಗಳವಾಡುವುದು ಕಷ್ಟ.

ಜಗಳಕ್ಕೆ ಈಗ ಬೇರೆ ಪಟ್ಟಿಯಿದೆ. 2008ರಲ್ಲಿ ಶುರುವಾದ ಐಪಿಎಲ್‌ನ ಪಟ್ಟಿಯಲ್ಲಿ ಬೆಂಗಳೂರೂ ಹೈದರಾಬಾದೂ ಮತ್ತೆ ಒಟ್ಟಿಗೆ ಸಿಗುತ್ತವೆ. ಅದರ ಲೆಕ್ಕಾಚಾರದ ರೋಮಾಂಚನಕ್ಕೆ 2024ರ ಋತುವೇ ಸಾಕ್ಷಿ. ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನೇ ಗೆದ್ದು ತಳದಲ್ಲಿದ್ದ ಬೆಂಗಳೂರು ಮುಂದೆ ಆರನ್ನೂ ಗೆದ್ದಿತು. ಕೊನೆಯ ಲೀಗ್ ಪಂದ್ಯದಲ್ಲಿ ಚೆನ್ನೈಯನ್ನು ಕನಿಷ್ಠ 18 ರನ್‌ಗಳಿಂದ ಸೋಲಿಸಿದರೆ ಮಾತ್ರ ಮುಂದಿನ ಹಂತ ಎಂದಿದ್ದಾಗ 27 ರನ್‌ಗಳಿಂದ ಸೋಲಿಸಿತು. ಮೇ 18ರ ಆ ರಾತ್ರಿ ರಾಜ್ಯದ ಹಳ್ಳಿಹಳ್ಳಿಯಲ್ಲಿ ಮೊಬೈಲ್ ಹಿಡಿದವರೆಲ್ಲ ಗಣಿತಜ್ಞರಾಗಿದ್ದರು. ಆದರೆ ಆ ತಂಡದಲ್ಲಿ ಕನ್ನಡಿಗರನ್ನು ಎಣಿಸಲು ಒಂದು ಕೈಬೆರಳು ಸಾಕಿತ್ತು. ಆ ಮಟ್ಟಿಗೆ 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ಬೇರೆ. ರಾಜ್ಯದ ಆಟಗಾರರೇ ಆಡುವ ಆ ಟಿ–20 ಲೀಗಿನ ಪಟ್ಟಿಯಲ್ಲಿ ಮೊದಲ ಬಾರಿ ಈ ಭಾಗದ ಹೆಸರು ಕಂಡಿತು: ಗುಲ್ಬರ್ಗಾ ಮಿಸ್ಟಿಕ್ಸ್. ಮನೀಷ್ ಪಾಂಡೆ ನಾಯಕತ್ವದಲ್ಲಿ ಅದು ಮೊದಲ ವರ್ಷವೇ ಬೆಂಗಳೂರಿನ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ತಮ್ಮೂರ ಹೆಸರಿನ ತಂಡ ಗೆದ್ದದ್ದನ್ನು ಕಲಬುರಗಿಯವರು ಟಿ.ವಿ.ಯಲ್ಲಿ ನೋಡಿದರು.

ಕರ್ನಾಟಕದ ತಂಡ ಈ ಜನರ ಅತಿ ಹತ್ತಿರಕ್ಕೆ ಬಂದು ಕಪ್ ಎತ್ತಿದ ಸಂದರ್ಭ ಒಂದಿದೆ. 1998–99ರ ನಂತರ ಹದಿನೈದು ವರ್ಷ ರಣಜಿ ಟ್ರೋಫಿ ರಾಜ್ಯಕ್ಕೆ ಬಂದಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬಯಿ ಎದುರು ಕೇವಲ 6 ರನ್‌ಗಳಿಂದ ಅದು ತಪ್ಪಿಹೋಗಿತ್ತು. 2013–14ರಲ್ಲಿ ಮತ್ತೆ ಫೈನಲ್. ಎದುರಾಳಿ ಮಹಾರಾಷ್ಟ್ರ. ಎರಡೂ ತಂಡಗಳಿಗೆ ಸೇರದ ತಟಸ್ಥ ಊರಿನಲ್ಲಿ ಆಡಿಸಬೇಕೆಂದು ಕ್ರಿಕೆಟ್ ಮಂಡಳಿ ಆರಿಸಿಕೊಂಡದ್ದು ಹೈದರಾಬಾದನ್ನು. ಕೆ.ಎಲ್. ರಾಹುಲ್ 131, ಗಣೇಶ್ ಸತೀಶ್ 117 ರನ್ ಹೊಡೆದರು. 2014ರ ಫೆಬ್ರುವರಿ 2ರಂದು ವಿನಯ್ ಕುಮಾರ್ ನಾಯಕತ್ವದ ಕರ್ನಾಟಕ ಏಳು ವಿಕೆಟ್‌ಗಳಿಂದ ಗೆದ್ದಿತು. ಬೆಂಗಳೂರಿನವರಿಗೆ ಅದು ದೂರದ ಊರಿನ ಪಂದ್ಯ. ಚಿತ್ತಾಪುರ, ಸೇಡಂನವರಿಗೆ ವಾಡಿಯಿಂದ ಬರುವ ರೈಲು ಹತ್ತಿ, ಅಜ್ಜಂದಿರು ಕೋರ್ಟು-ಕಚೇರಿಗೆಂದು ಹೋಗುತ್ತಿದ್ದ ದಾರಿಯಲ್ಲೇ ಹೋಗಿ ನೋಡಬಹುದಾಗಿದ್ದ ಪಂದ್ಯ.